ಗಂಟಿನೊಳಗಿನ ಇನ್ನೊಂದು ಹುಳ

೨೦೦೬ರ ಸೆಪ್ಟೆಂಬರಿನಲ್ಲಿ, ಮಳೆ ತುಸು ಹೊಳವಾದ ಒಂದು ಬೆಳಿಗ್ಗೆ, ಮೇಸ್ತ್ರಿ ಹಾಲವಾಣದ ಒಂದು ರೆಂಬೆಯನ್ನು ತಂದು ನಾನು ಬಿಡಿಸಿಟ್ಟಿದ್ದ ಹಾಜರಿ ಪುಸ್ತಕದ ಮೇಲೇ ಇಟ್ಟ.

"ರೈಟ್ರೇ, ಇದನ್ನೊಂಚೂರು ನೋಡಿ. ಹಾಲವಾಣಕ್ಕೆ ಸಿಡುಬು ಎದ್ದಂಗಿದೆ."

ಬಾಳೂರಿನಿಂದ ಕಳಸದ ಕಡೆಗೆ ಹೋಗುವಾಗ ಒಳದಾರಿಯಲ್ಲಿ ಸಿಗುವ ಕಾಫಿ ತೋಟವೊಂದರಲ್ಲಿ ನಾನಾಗ ರೈಟರ್. ಆಳುಗಳ ಹಾಜರಿ ಹಿಡಿಯುವುದು, ಯಾರು ತೋಟದ ಯಾವ ಪಟ್ಟಿಗೆ ಹೋಗಬೇಕೆಂದು ಮೇಸ್ತ್ರಿಗೆ ಹೇಳುವುದು, ಗೋದಾಮಿನ ಬೀಗದ ಕೈ ಕಾಯುವುದು, ಇಷ್ಟೇ ನನ್ನ ಕೆಲಸ. ಮರದ ರೋಗ ನೋಡುವುದು ಅದರಲ್ಲಿ ಸೇರಿರಲಿಲ್ಲ. ಆದರೂ ರೆಂಬೆಯನ್ನು ಕೈಗೆ ತೆಗೆದುಕೊಂಡೆ. ಹಾಲವಾಣದ ಎಲೆ ಅಂಗೈಯಗಲ, ಮೂರು ಮೂರು ಸೇರಿ ಬಿಡುತ್ತದೆ. ಈ ರೆಂಬೆಯ ಎಲೆಗಳು ಮುಷ್ಟಿ ಬಿಗಿದಂತೆ ಮುದುಡಿಕೊಂಡಿದ್ದವು. ಎಲೆಯ ಮೇಲೆ, ತೊಟ್ಟಿನ ಮೇಲೆ, ಚಿಗುರಿನ ದಂಟಿನ ಮೇಲೆ, ಎಲ್ಲೆಲ್ಲೂ ಗಂಟು. ಪೆನ್ಸಿಲ್ ಹೆರೆಯುವ ಬ್ಲೇಡಿನಿಂದ ಒಂದು ಗಂಟನ್ನು ಸೀಳಿದೆ. ಒಳಗೆ ಸಾಲಾಗಿ ಸಣ್ಣ ಸಣ್ಣ ಕೋಣೆಗಳು. ಒಂದೊಂದು ಕೋಣೆಯಲ್ಲಿ ಒಂದೊಂದು ಬಿಳಿ ಹುಳ, ರವೆಯ ಕಾಳಿಗಿಂತ ಚಿಕ್ಕದು, ಬೆಳಕು ಬಿದ್ದದ್ದಕ್ಕೆ ಮೈ ಮುರಿಯುತ್ತಿತ್ತು.

"ಒಬ್ಬೊಬ್ಬಂಗೆ ಒಂದೊಂದು ರೂಮು" ಎಂದ ಮೇಸ್ತ್ರಿ. "ನಮ್ಮ ಆಳುಗಳ ಲೈನ್ ಮನೆಗಿಂತ ವಾಸಿ."

ಅವನು ನಕ್ಕ, ಆದರೆ ಇಬ್ಬರಿಗೂ ದಿಗಿಲಾಗಿತ್ತು. ನಮ್ಮ ಕಡೆ ಮೇಲೆ ದೊಡ್ಡ ಕಾಡುಮರಗಳಿದ್ದರೂ ಕಾಫಿ ಗಿಡದ ನೆತ್ತಿಗೆ ಹತ್ತಿರದ ನೆರಳು ಕೊಡುವುದು ಹಾಲವಾಣವೇ. ಮಳೆಗಾಲದ ಶುರುವಿನಲ್ಲಿ ಒಂದು ಗೂಟ ನೆಟ್ಟರೆ ಸಾಕು, ಮರವಾಗುತ್ತದೆ. ಮೆಣಸಿನ ಬಳ್ಳಿ ಹಬ್ಬುವುದೂ ಅದರ ಮೈ ಮೇಲೆ. ಅದು ಹೋದರೆ ಮಾರ್ಚಿನ ಬಿಸಿಲು ನೇರವಾಗಿ ಅರೇಬಿಕಾ ಕಾಫಿಯ ಮೇಲೆ ಬೀಳುತ್ತದೆ.

ತೋಟದ ಮಾಲೀಕರಾದ ಸಾಹುಕಾರರು ಎರಡು ಸಲ ಔಷಧಿ ಹೊಡೆಸಿದರು. ಗಂಟಿನೊಳಗೆ ಭದ್ರವಾಗಿ ಕೂತ ಹುಳಕ್ಕೆ ಅದು ತಾಗಲಿಲ್ಲ. ಕೊನೆಗೆ ಅವರ ಮಾತಿನಂತೆ ನಾನು ಕಾಫಿ ಸಂಶೋಧನಾ ಕಚೇರಿಗೊಂದು ಪತ್ರ ಬರೆದು, ಗಂಟಿನ ಒಳಗು ಹೇಗಿದೆಯೆಂದು ಪಕ್ಕದಲ್ಲಿ ಚಿತ್ರ ಹಾಕಿ, ರೆಂಬೆಯ ಜೊತೆ ಬಸ್ಸಿನಲ್ಲಿ ಕಳಿಸಿದೆ.

ಅದಾದ ಮೂರನೆಯ ವಾರ ಜೀಪು ಬಂತು. ಇಳಿದವರು ಐವತ್ತರ ಹತ್ತಿರದ, ತೆಳ್ಳಗಿನ ಹೆಂಗಸು, ಕೀಟಗಳ ವಿಜ್ಞಾನಿ. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಕಾಲಿಗೆ ಜಿಗಣೆ ಹತ್ತದಂತೆ ಹೊಗೆಸೊಪ್ಪಿನ ನೀರು ಬಳಿದುಕೊಂಡು ನೇರ ತೋಟಕ್ಕೇ ನಡೆದರು. ಒಂದು ತಾಸು ನೋಡಿ ಬಂದು ಸಾಹುಕಾರರಿಗೆ ವಿವರಿಸಿದರು. ಇದು ಒಂದು ಬಗೆಯ ಕಣಜ. ಎಳ್ಳಿನ ಕಾಳಿಗಿಂತ ಸಣ್ಣದು. ಎಳೆ ಚಿಗುರಿನೊಳಗೆ ಮೊಟ್ಟೆ ಚುಚ್ಚುತ್ತದೆ. ಹುಳ ತಿನ್ನಲು ಶುರು ಮಾಡಿದ ಮೇಲೆ ಮರವೇ ಅದರ ಸುತ್ತ ಗಂಟು ಕಟ್ಟಿ ಕೊಡುತ್ತದೆ. ಸುಮಾರು ಇಪ್ಪತ್ತು ದಿನಕ್ಕೆ ಹೊಸ ಕಣಜ ಗಂಟಿಗೆ ತೂತು ಕೊರೆದು ಹೊರಗೆ ಬರುತ್ತದೆ. ಹೊರದೇಶದಿಂದ ಬಂದದ್ದು; ಈಗೀಗ ಕೆಳಗಿನ ಸೀಮೆಯಿಂದ ಘಟ್ಟ ಹತ್ತುತ್ತಿದೆ.

ಆಮೇಲೆ ನನ್ನ ಪತ್ರವನ್ನು ಚೀಲದಿಂದ ತೆಗೆದರು. "ಈ ಚಿತ್ರ ಯಾರು ಹಾಕಿದ್ದು?"

"ನಾನೇ, ಮೇಡಂ."

"ಎಲ್ಲಿವರೆಗೆ ಓದಿದೀರಿ?"

"ಬಿಎಸ್ಸಿ ಒಂದು ವರ್ಷ. ಆಮೇಲೆ ಆಗ್ಲಿಲ್ಲ."

ಯಾಕೆ ಎಂದು ಅವರು ಕೇಳಲಿಲ್ಲ. ಕೇಳದೇ ಇದ್ದದ್ದು ಒಳ್ಳೆಯದಾಯಿತು. ಆ ಒಂದು ವರ್ಷದಲ್ಲಿ ನಾನು ಮೈಕ್ರೊಸ್ಕೋಪಿನಲ್ಲಿ ಕಣ್ಣಿಟ್ಟದ್ದು ಎಲ್ಲ ಸೇರಿ ಹತ್ತು ನಿಮಿಷವೂ ಇರಲಾರದು, ಹಿಂದೆ ಸಾಲು ನಿಂತವರು ಬೆನ್ನಿಗೆ ತಿವಿಯುತ್ತಿದ್ದರು. ಆದರೆ ಅಲ್ಲಿಂದ ಬಂದ ಮೇಲೆ ಹನ್ನೊಂದು ವರ್ಷ, ಎಲೆಯೊಂದು ಕೈಗೆ ಸಿಕ್ಕಾಗಲೆಲ್ಲ ಇದರೊಳಗೆ ಏನಿದೆಯೋ ಎನ್ನುವ ಆಸೆ ನನ್ನನ್ನು ಬಿಟ್ಟಿರಲಿಲ್ಲ. ಯಾರಿಗೂ ಅದನ್ನು ಹೇಳಿಕೊಂಡವನಲ್ಲ. ಹೇಳಿದರೆ ಏನೆಂದು ಹೇಳುವುದು?

ಮೇಡಂ ಅವತ್ತೇ ನನಗೊಂದು ಕೆಲಸ ಕಲಿಸಿದರು. ರಟ್ಟಿನ ಪೆಟ್ಟಿಗೆಯ ಸಂದುಗಳಿಗೆಲ್ಲ ಕಪ್ಪು ಕಾಗದ ಅಂಟಿಸಬೇಕು. ಒಂದು ಬದಿಯಲ್ಲಿ ತೂತು ಮಾಡಿ ಗಾಜಿನ ಕೊಳವೆಯನ್ನು ಹೊರಕ್ಕೆ ಚಾಚುವಂತೆ ಸಿಕ್ಕಿಸಬೇಕು. ಗಂಟು ತುಂಬಿದ ರೆಂಬೆಗಳನ್ನು ಒಳಗಿಟ್ಟು ಮುಚ್ಚಿದರೆ ಹುಟ್ಟಿದ ಕಣಜಗಳೆಲ್ಲ ಬೆಳಕನ್ನು ಹುಡುಕಿ ಕೊಳವೆಗೆ ಬಂದು ಸೇರುತ್ತವೆ. ಅವನ್ನು ಸ್ಪಿರಿಟ್ಟಿಗೆ ಹಾಕಿ, ಎಣಿಸಿ, ಬರೆಯಬೇಕು. ಪ್ರತಿ ಸೋಮವಾರ ಹತ್ತು ಮರದಿಂದ ಹೊಸ ರೆಂಬೆ.

"ಎಣಿಸೋದು ಮುಖ್ಯ ಅಲ್ಲ" ಎಂದರು ಹೊರಡುವಾಗ. "ಇದರ ಜೊತೆ ಬೇರೆ ಥರದ್ದು ಒಂದಾದರೂ ಬರುತ್ತಾ ನೋಡಿ. ಈ ಹುಳವನ್ನ ತಿಂದು ಬದುಕೋ ಇನ್ನೊಂದು ಹುಳ ಎಲ್ಲೋ ಇದ್ದೇ ಇರುತ್ತೆ. ಅದು ಇಲ್ಲಿಗೆ ಬಂದಿದೆಯಾ ಅನ್ನೋದೇ ನಮ್ಮ ಪ್ರಶ್ನೆ."

ನವೆಂಬರಿನಲ್ಲಿ ಮತ್ತೆ ಬಂದಾಗ ನನ್ನ ನೋಟ್‌ಪುಸ್ತಕವನ್ನು ಪುಟ ಪುಟವೂ ಓದಿ, ಜೀಪಿನಿಂದ ಒಂದು ಮರದ ಪೆಟ್ಟಿಗೆ ಇಳಿಸಿದರು. ಹಳೆಯ ಮೈಕ್ರೊಸ್ಕೋಪು. ಕರೆಂಟು ಬೇಡ, ಕೆಳಗಿರುವ ಕನ್ನಡಿಯನ್ನು ಕಿಟಕಿಗೆ ತಿರುಗಿಸಿ ಬೆಳಕು ಹಿಡಿದರಾಯಿತು. ಎರಡು ಕಣ್ಣಿನಿಂದಲೂ ನೋಡಬಹುದು.

"ಕಚೇರಿಯಲ್ಲಿ ಧೂಳು ತಿಂತಾ ಇತ್ತು. ಕೆಲಸ ಮುಗಿಯೋವರೆಗೆ ನಿಮ್ಮ ಹತ್ರ ಇರಲಿ."

ಗೋದಾಮಿನ ಪಕ್ಕದಲ್ಲಿ ಗೋಣಿಚೀಲ ಇಡುವ ಕೋಣೆಯಿತ್ತು, ಪೂರ್ವಕ್ಕೆ ಕಿಟಕಿ. ಚೀಲಗಳನ್ನು ಒಂದು ಮೂಲೆಗೆ ಒಟ್ಟಿ ಮೇಜು ಹಾಕಿಕೊಂಡೆ. ಹಾಜರಿ ಏಳೂವರೆಗೆ. ನಾನು ಆರೂಕಾಲಿಗೇ ಅಲ್ಲಿರುತ್ತಿದ್ದೆ. ಗುಡ್ಡದ ಮೇಲಿಂದ ಬೆಳಕು ಇಳಿದು ಕನ್ನಡಿಗೆ ಬೀಳುವುದನ್ನೇ ಕಾಯುವುದು, ಬಿದ್ದೊಡನೆ ಕಣ್ಣಿಡುವುದು. ಹೆಣ್ಣು ಕಣಜದ ಮೈ ಕಂದು, ಅಲ್ಲಲ್ಲಿ ಹಳದಿ. ಗಂಡು ಇನ್ನೂ ಸಣ್ಣದು, ಬಣ್ಣ ಪೇಲವ. ರೆಕ್ಕೆಯ ಅಂಚಿನಲ್ಲಿ ಸಾಲು ರೋಮ. ಬರಿಗಣ್ಣಿಗೆ ಧೂಳಿನಂತೆ ಕಾಣುವುದರಲ್ಲಿ ಇಷ್ಟು ಅಚ್ಚುಕಟ್ಟು! ಒಂದು ತಾಸು ಹೋದದ್ದೇ ತಿಳಿಯುತ್ತಿರಲಿಲ್ಲ. ಆಳುಗಳು ಅಂಗಳದಲ್ಲಿ ಸೇರಿದ ಗಲಾಟೆ ಕೇಳಿದ ಮೇಲೆಯೇ ಏಳುತ್ತಿದ್ದೆ. ಹಾಜರಿ ಕೂಗುವಾಗಲೂ ಮನಸ್ಸು ಆ ಕಿಟಕಿಯ ಹತ್ತಿರವೇ.

ಕೊಳವೆಗೆ ಬಂದದ್ದು ಮಾತ್ರ ದಿನವೂ ಅವೇ. ಕಂದು, ಪೇಲವ; ಕಂದು, ಪೇಲವ. ಬೇರೆ ಯಾವುದೂ ಇಲ್ಲ.

ಕೆಲಸ ನೆಟ್ಟಗೆ ನಡೆಯಿತೆಂದೇನೂ ಅಲ್ಲ. ಮೊದಲ ತಿಂಗಳ ಪೆಟ್ಟಿಗೆಗಳಿಗೆಲ್ಲ ಬೂಷ್ಟು ಹಿಡಿದು ಹುಳಗಳು ಗಂಟಿನೊಳಗೇ ಕೊಳೆತವು. ರೆಂಬೆಯನ್ನು ಒಂದು ದಿನ ನೆರಳಲ್ಲಿ ಆರಿಸಿ, ತಳಕ್ಕೆ ಪತ್ರಿಕೆ ಹಾಸಿ ಇಡುವುದನ್ನು ಕಲಿತೆ. ಇನ್ನೊಂದು ಸಲ ಇರುವೆ ನುಗ್ಗಿ ಒಂದು ವಾರದ್ದೆಲ್ಲ ಹೊತ್ತುಕೊಂಡು ಹೋದವು. ಮೇಜಿನ ನಾಲ್ಕು ಕಾಲಿಗೂ ನೀರಿನ ಚಿಪ್ಪು ಇಟ್ಟೆ. ಡಿಸೆಂಬರ್ ಜನವರಿಯಲ್ಲಿ ಕಾಫಿ ಕೊಯ್ಲು. ಹಣ್ಣು ಅಳೆಯುವುದು, ಸಿಪ್ಪೆ ಸುಲಿಯುವ ಪಲ್ಪರಿಗೆ ಹಾಕಿಸುವುದು, ಕಣದಲ್ಲಿ ಒಣಗಿಸುವುದು, ಇವುಗಳ ನಡುವೆ ಎರಡು ಸೋಮವಾರ ರೆಂಬೆ ತರಲಾಗದೆ ಪುಸ್ತಕದಲ್ಲಿ ಖಾಲಿ ಉಳಿಯಿತು. ಆ ಎರಡು ವಾರವೇ ಆ ಇನ್ನೊಂದು ಹುಳ ಬಂದು ಹೋಗಿದ್ದರೆ ಎಂಬ ಚಿಂತೆ ನನ್ನನ್ನು ಎಷ್ಟೋ ದಿನ ಕೊರೆಯಿತು.

ಫೆಬ್ರವರಿಯಲ್ಲಿ ಹಾಲವಾಣ ಎಲೆ ಉದುರಿಸಿ ಮೈತುಂಬ ಕೆಂಪು ಹೂ ಬಿಡಬೇಕು. ಆ ವರ್ಷ ಎಲೆ ಉದುರಿತು, ಹೂ ಬರಲಿಲ್ಲ. ಮೊಗ್ಗಿನ ದಂಟೂ ಗಂಟುಗಟ್ಟಿ ಒಣಗಿತು. ಹೂವಿನ ರಸಕ್ಕೆ ಬರುವ ಮೈನಾ, ಕಾಜಾಣಗಳ ಗದ್ದಲವಿಲ್ಲದೆ ತೋಟ ಮಂಕಾಯಿತು. ಕೆಲವು ಹಕ್ಕಿಗಳು ಬಂದು ಬರಿ ಕೊಂಬೆಯ ಮೇಲೆ ಕೂತು, ಅತ್ತಿತ್ತ ನೋಡಿ ಎದ್ದು ಹೋದವು.

ಹೂಮಳೆ ಬಿದ್ದು ಕಾಫಿ ಅರಳಿತು. ಅದಾದ ಮೇಲೆ, ಏಪ್ರಿಲಿನ ಒಂದು ಗುರುವಾರ, ಕೊಳವೆಯಲ್ಲಿ ಇನ್ನೊಂದನ್ನು ನೋಡಿದೆ.

ಬರಿಗಣ್ಣಿಗೇ ಗೊತ್ತಾಯಿತು. ಮಿಕ್ಕವೆಲ್ಲ ಗಾಜಿನ ತುದಿಗೆ ಗುಂಪುಗಟ್ಟಿದ್ದರೆ ಇದೊಂದು ಬೇರೆಯಾಗಿ ನಡೆಯುತ್ತಿತ್ತು. ಸ್ಪಿರಿಟ್ಟಿಗೆ ಹಾಕಿ ಮೈಕ್ರೊಸ್ಕೋಪಿನಡಿ ಇಟ್ಟೆ. ಮೈ ಕಡುಗಪ್ಪು, ಸೊಂಟ ಸಪೂರ, ಹಿಂಬದಿಯಲ್ಲಿ ಸೂಜಿಯ ಮೊನೆಯಂಥದ್ದು ಚಾಚಿಕೊಂಡಿತ್ತು. ಅವತ್ತು ಹಾಜರಿಗೆ ತಡವಾಗಿ ಹೋದೆ. ಮಧ್ಯಾಹ್ನ ಬಾಳೂರಿಗೆ ನಡೆದು ಬೂತಿನಿಂದ ಮೇಡಂಗೆ ಫೋನು ಮಾಡಿದೆ.

ಅವರು ನಗುತ್ತಾರೆ, ಭೇಷ್ ಎನ್ನುತ್ತಾರೆ ಎಂದುಕೊಂಡಿದ್ದೆ.

"ಒಂದೇ ಒಂದು. ಪೆಟ್ಟಿಗೆ ಮುಚ್ಚುವಾಗ ಹೊರಗಿಂದ ಸೇರಿರಬಹುದು. ರೆಂಬೆಯ ತೊಗಟೆಯಲ್ಲಿ ಇದ್ದ ಬೇರೆ ಯಾವುದೋ ಹುಳವೂ ಇರಬಹುದು. ಗಂಟಿನೊಳಗಿಂದಲೇ ಬಂತು, ಈ ಕಣಜದ ಮರಿಯನ್ನ ತಿಂದೇ ಬಂತು ಅಂತ ನೀವು ತೋರಿಸಬೇಕು."

"ಹೇಗೆ ಮೇಡಂ?"

"ಒಂದೊಂದು ಗಂಟನ್ನ ಬೇರೆ ಬೇರೆ ಇಡಿ. ಮಾತ್ರೆ ತುಂಬೋ ಖಾಲಿ ಕ್ಯಾಪ್ಸೂಲ್ ಸಿಗುತ್ತಲ್ಲ, ಅದರಲ್ಲಿ. ಒಂದು ಕೋಣೆ, ಒಂದು ಕ್ಯಾಪ್ಸೂಲ್. ಜೊತೆಗೆ ಗಂಟು ಸೀಳಿ ನೋಡ್ತಾ ಹೋಗಿ. ಮರಿಯ ಪಕ್ಕದಲ್ಲಿ ಇನ್ನೊಂದು ಮರಿ ಕಾಣಬೇಕು."

ಕಳಸದ ಔಷಧಿ ಅಂಗಡಿಯವರು ಖಾಲಿ ಕ್ಯಾಪ್ಸೂಲು ಕೇಳಿದ್ದಕ್ಕೆ ನನ್ನನ್ನು ಮೇಲೆ ಕೆಳಗೆ ನೋಡಿದರು. "ಬರೀ ಸಿಪ್ಪೆ ತಿಂದು ಯಾವ ಕಾಯಿಲೆ ವಾಸಿ ಮಾಡ್ಕೋತೀರಿ ಮಾರಾಯ್ರೆ?" ಅಂತೂ ತರಿಸಿಕೊಟ್ಟರು. ಗಂಟನ್ನು ಬ್ಲೇಡಿನಿಂದ ಕೋಣೆ ಕೋಣೆಯಾಗಿ ಬಿಡಿಸಿ ಒಂದೊಂದನ್ನೂ ಕ್ಯಾಪ್ಸೂಲಿಗೆ ಹಾಕಿ ಮುಚ್ಚಿ, ಮೇಲೆ ನಂಬರು ಬರೆದೆ. ಮುನ್ನೂರು ಮಾಡಿದೆ. ಎರಡು ದಿನ ಮಳೆ ಹನಿದದ್ದೇ ತಡ, ಗಾಳಿಯ ತೇವಕ್ಕೆ ಎಲ್ಲ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡವು. ಮತ್ತೆ ಮುನ್ನೂರು. ಈ ಸಲ ಬಿಸ್ಕತ್ತಿನ ಡಬ್ಬಿಗಳಲ್ಲಿ ತಳಕ್ಕೆ ಹುರಿದ ಅಕ್ಕಿ ಹರಡಿ, ಅದರ ಮೇಲೆ ಕಾಗದ ಹಾಸಿ ಜೋಡಿಸಿ, ಮನೆಗೆ ತಂದು ಅಡುಗೆ ಒಲೆಯ ಮೇಲಿನ ಹಲಗೆಯಲ್ಲಿಟ್ಟೆ. ಅಲ್ಲಿ ಒಲೆಯ ಕಾವು ಸಣ್ಣಗೆ ತಾಗುತ್ತಿತ್ತು.

"ಸಾಸಿವೆ ಡಬ್ಬಿ ಪಕ್ಕ ಹುಳದ ಡಬ್ಬಿ" ಎಂದಳು ಹೆಂಡತಿ. "ನಾಳೆ ಒಗ್ಗರಣೆಗೆ ಬಿದ್ರೆ ನನ್ನ ಕೇಳ್ಬೇಡಿ, ಹೇಳಿದೀನಿ." ಆದರೂ ದಿನಕ್ಕೆರಡು ಸಲ ಡಬ್ಬಿಗಳನ್ನು ತಿರುಗಿಸಿ ಇಡುತ್ತಿದ್ದವಳು ಅವಳೇ.

ಇದು ನಡೆಯುತ್ತಿರುವಾಗಲೇ ಮೇ ಮೊದಲ ವಾರ ಸಾಹುಕಾರರು ನನ್ನನ್ನೂ ಮೇಸ್ತ್ರಿಯನ್ನೂ ಕರೆಸಿ ಹೇಳಿದರು: ಹಾಲವಾಣ ಪೂರ್ತಿ ತೆಗೆಯುವುದು. ಬುಡಕ್ಕೇ ಕಡಿದು, ಹಸಿ ರೆಂಬೆಗಳನ್ನೆಲ್ಲ ಸುಟ್ಟು, ಮಳೆ ಹಿಡಿದ ಕೂಡಲೇ ಸಿಲ್ವರ್ ಓಕ್ ನೆಡುವುದು.

ಸುಟ್ಟರೆ ಗಂಟಿನ ಕಣಜ ಸಾಯುತ್ತದೆ, ನಿಜ. ಅದರ ಜೊತೆ ನಾನು ಹುಡುಕುತ್ತಿದ್ದದ್ದೂ ಸಾಯುತ್ತದೆ. ಆ ತೋಟದಲ್ಲಿ ಸೇರಿದಂದಿನಿಂದ ನಾನು ಸಾಹುಕಾರರ ಮಾತಿಗೆ ಎದುರು ಆಡಿದವನಲ್ಲ.

"ಸಾವ್ಕಾರ್ರೇ, ಹಳ್ಳದ ಬದಿ ಪಟ್ಟಿ ಒಂದು ಬಿಡಣ. ನಲವತ್ತು ಮರ ಇರ್ಬೋದು. ಆ ಕರೀ ಹುಳ ಸಿಕ್ಕಿದ್ದು ಅಲ್ಲಿಂದ್ಲೇ."

"ಎಷ್ಟು ಸಿಕ್ತು?"

"ಒಂದು."

ಅವರು ಕನ್ನಡಕ ತೆಗೆದು ಒರೆಸಿದರು. ಕೆಟ್ಟ ಮನುಷ್ಯರಲ್ಲ. ನೂರಾರು ಮರ ಕಣ್ಣೆದುರೇ ಒಣಗುವುದನ್ನು ಎಂಟು ತಿಂಗಳು ನೋಡಿದವರು. "ಒಂದು ಹುಳ ನಂಬ್ಕಂಡು ನಾನು ತೋಟ ಮಾಡ್ಲಾ ರೈಟ್ರೇ? ಅಲ್ಲಿ ಉಳಿಸಿದ್ರೆ ಹೊಸದಾಗಿ ಹಾಕಿದ್ದಕ್ಕೂ ಅಲ್ಲಿಂದ್ಲೇ ಹತ್ತತ್ತೆ. ಬೇಡ. ಎಲ್ಲ ತೆಗೆಸಿ."

ಮರುದಿನ ಅವರು ಮನೆಯವರ ಜೊತೆ ನೆಂಟರ ಮದುವೆಗೆಂದು ಹೊರಟರು. ಎರಡು ವಾರ ಬಿಟ್ಟು ಬರುವವರಿದ್ದರು.

ಯಾವ ಆಳು ಯಾವ ಪಟ್ಟಿಗೆ ಎಂದು ಹಂಚುವವನು ನಾನು. ಸಾಹುಕಾರರು ಎಲ್ಲಿಂದ ಶುರು ಮಾಡಬೇಕೆಂದು ಹೇಳಿರಲಿಲ್ಲ; ಆದರೆ ಗಂಟು ಹೆಚ್ಚಿರುವ ಹಳ್ಳದ ಬದಿಯಿಂದಲೇ ಎನ್ನುವುದು ಎಲ್ಲರಿಗೂ ಗೊತ್ತಿದ್ದ ಮಾತು. ಸೋಮವಾರ ಬೆಳಿಗ್ಗೆ ಹಾಜರಿ ಮುಗಿಸಿ ನಾನು ಹೇಳಿದೆ: "ಮೇಲಿನ ಪಟ್ಟಿಯಿಂದ ಹಿಡೀರಿ. ಹಳ್ಳದ ಬದಿ ಕೊನೆಗೆ."

ಮೇಸ್ತ್ರಿ ನನ್ನ ಮುಖ ನೋಡಿದ. ಮೇಲಿನ ಪಟ್ಟಿಯ ಮರಗಳು ಹಳೆಯವು, ಅವನ ಅಪ್ಪ ಗೂಟ ನೆಟ್ಟು ಎಬ್ಬಿಸಿದವು. ಗಂಟು ಅಲ್ಲಿ ಕಡಿಮೆ.

"ಅದಕ್ಕಿನ್ನೂ ಒಂದು ವರ್ಷ ಜೀವ ಇತ್ತಲ್ಲ ರೈಟ್ರೇ."

"ಗೊತ್ತು."

ಅವನು ಕತ್ತಿ ತೆಗೆದುಕೊಂಡು ಮೇಲಕ್ಕೆ ಹತ್ತಿದ. ಇಡೀ ದಿನ ಮರ ಬೀಳುವ ಸದ್ದು ಕೇಳುತ್ತಿತ್ತು. ನಾನು ಕಿಟಕಿಯ ಹತ್ತಿರ ಗಂಟು ಸೀಳುತ್ತ ಕೂತಿದ್ದೆ.

ದಿನಕ್ಕೆ ನಲವತ್ತು ಐವತ್ತು ಗಂಟು ಸೀಳಿದೆ. ಹಾಜರಿಗೆ ಮುಂಚೆ, ಊಟದ ಹೊತ್ತಿನಲ್ಲಿ, ಸಂಜೆ ಬೆಳಕು ಇರುವವರೆಗೆ. ಹತ್ತನೆಯ ದಿನ ಒಂದು ಕೋಣೆಯಲ್ಲಿ ಎರಡು ಮರಿ ಕಂಡವು. ಒಂದು ಗಂಟಿನ ಕಣಜದ್ದು, ಸೊರಗಿ ಚರ್ಮ ಸುಕ್ಕಾಗಿತ್ತು. ಅದರ ಪಕ್ಕೆಗೆ ಬಾಯಿ ಹಚ್ಚಿ ಇನ್ನೊಂದು, ಎರಡೂ ತುದಿ ಚೂಪಾಗಿ, ತುಸು ಹಳದಿ. ಅದು ಹೀರುವಾಗ ಮೈಯಲ್ಲಿ ಅಲೆಯೊಂದು ಹಿಂದಿನಿಂದ ಮುಂದಕ್ಕೆ ಹಾಯುತ್ತಿತ್ತು. ನಾನು ಉಸಿರು ಬಿಟ್ಟರೆ ಹಾರಿ ಹೋದೀತೆಂಬಂತೆ ಕೂತೆ. ಜೀವಮಾನದಲ್ಲಿ ಅಂಥ ಸಂತೋಷ ನನಗೆ ಹೆಚ್ಚು ಸಲ ಆಗಿಲ್ಲ. ಅದೇ ಕ್ಷಣದಲ್ಲಿ ಮೇಲಿನ ಪಟ್ಟಿಯಲ್ಲಿ ಇನ್ನೊಂದು ಮರ ಬಿತ್ತು.

ಹನ್ನೆರಡನೆಯ ದಿನ ಸಾಹುಕಾರರು ಎರಡು ದಿನ ಮೊದಲೇ ಹಿಂತಿರುಗಿದರು. ಅಂಗಳದಲ್ಲಿ ಕಾರು ನಿಂತಾಗ ನಾನೇ ಎದುರಿಗೆ ಹೋಗಿ, ಮಾಡಿದ್ದನ್ನು ಹೇಳಿದೆ. ಅವರು ಹಳ್ಳದ ಕಡೆ ನಡೆದರು. ಕಡಿಯದೆ ನಿಂತ ಮರಗಳನ್ನು ನೋಡಿದರು. ತಿರುಗಿ ಬಂದು ಕೋಣೆಯ ಬಾಗಿಲಲ್ಲಿ ನಿಂತರು.

"ಏನದು ತೋರ್ಸಿ."

ಅವರು ಕಣ್ಣಿಟ್ಟು ಬಹಳ ಹೊತ್ತು ನೋಡಿದರು. ಕನ್ನಡಿ ಸರಿಮಾಡಿ ಕೊಟ್ಟೆ.

"ಇದು ಅದನ್ನ ತಿಂತಾ ಇದ್ಯಾ?"

"ಹೌದು."

"ಇವು ಹೆಚ್ಚಾಗಿ ತೋಟ ಪೂರ್ತಿ ಕ್ಲೀನ್ ಮಾಡಕ್ಕೆ ಎಷ್ಟು ದಿನ ಬೇಕು?"

"ಗೊತ್ತಿಲ್ಲ ಸಾವ್ಕಾರ್ರೇ. ಆಗ್ದೇನೂ ಹೋಗ್ಬೋದು."

ಅವರು ಕುರ್ಚಿಯಿಂದ ಎದ್ದರು. "ಹಳ್ಳದ ಬದಿ ಬಿಡಿ. ಆದ್ರೆ ನಾನು ಇಲ್ದಿದ್ದಾಗ ಹಿಂಗ್ ಮಾಡಿದ್ರಲ್ಲ ರೈಟ್ರೇ. ನೀವು ಅಂತ ಸುಮ್ನಿದೀನಿ." ಅವರು ಕೂಗಾಡಿದ್ದರೆ ನನಗೆ ಹಗುರಾಗುತ್ತಿತ್ತು. ಗೋದಾಮಿನ ಬೀಗದ ಕೈಯನ್ನು ಅವತ್ತೇ ಕೇಳಿ ಇಸಿದುಕೊಂಡರು. ಮುಂದೆ ಎಷ್ಟೋ ತಿಂಗಳು ಬೇಕಾದಾಗ ಮನೆಗೆ ಹೋಗಿ ಕೇಳಿ ತರುವಂತಾಯಿತು.

ಮಳೆ ಹಿಡಿಯುವ ಹೊತ್ತಿಗೆ ಕ್ಯಾಪ್ಸೂಲುಗಳೊಳಗಿನ ಗಂಟುಗಳು ಒಂದೊಂದಾಗಿ ಒಡೆದವು. ಮುನ್ನೂರರಲ್ಲಿ ಹನ್ನೊಂದರಲ್ಲಿ ಕರಿಯದು ಬಂತು. ಬಂದಲ್ಲೆಲ್ಲ ಗಂಟಿನ ಕೋಣೆಯೊಳಗೆ ಇನ್ನೊಂದರ ಸುಕ್ಕು ಚರ್ಮ ಮಾತ್ರ ಉಳಿದಿತ್ತು. ಅವನ್ನೆಲ್ಲ ಸೀಸೆಗಳಲ್ಲಿ ಹಾಕಿ, ಹತ್ತಿಯಲ್ಲಿ ಸುತ್ತಿ ಮೇಡಂಗೆ ಕಳಿಸಿದೆ. ಅವರು ಹೆಸರು ಪತ್ತೆ ಮಾಡುವ ತಜ್ಞರೊಬ್ಬರಿಗೆ ಕಳಿಸಿದರು. ಒಂದು ಸೀಸೆ ದಾರಿಯಲ್ಲಿ ಒಡೆಯಿತಂತೆ. ಉತ್ತರ ಬರಲು ಅಕ್ಟೋಬರಾಯಿತು.

ಆ ಕಾಗದ ಹಿಡಿದು ಮೇಡಂ ತಾವೇ ಬಂದರು. ಗೋಣಿಚೀಲದ ಕೋಣೆಯಲ್ಲಿ ಕೂತು ಓದಿ ಹೇಳಿದರು. ಹೊಸ ಜಾತಿಯಲ್ಲ. ಮೊದಲೇ ಗೊತ್ತಿರುವುದು, ಈ ಕಡೆಯದೇ. ಕಾಡಿನ ಬೇರೆ ಯಾವುದೋ ಮರದ ಗಂಟುಗಳಲ್ಲಿ ಬದುಕಿಕೊಂಡಿದ್ದದ್ದು ಹಾಲವಾಣದಲ್ಲಿ ಹೊಸ ಊಟ ಸಿಕ್ಕಿತೆಂದು ಬಂದಿದೆ.

"ಅಂದ್ರೆ ಇಷ್ಟು ವರ್ಷ ಇಲ್ಲೇ ಇತ್ತಾ ಮೇಡಂ?"

"ಇಲ್ಲೇ. ನೀವು ದಿನಾ ನಡೆದಾಡೋ ದಾರಿಯಲ್ಲೇ ಇದ್ದಿರಬಹುದು."

ಆಮೇಲೆ ಈ ಹುಳದ ಬಗ್ಗೆ ತಾವು ಬರೆದ ವರದಿಯ ಪ್ರತಿಯನ್ನು ಕೊಟ್ಟು, ಕೊನೆಯ ಪುಟ ತಿರುಗಿಸುವಾಗ ಬೆರಳಿಟ್ಟು ತಡೆದರು. "ನಿಮ್ಮ ಹೆಸರನ್ನ ನಾನು ನನ್ನ ಹೆಸರಿನ ಪಕ್ಕ ಹಾಕಿದ್ದೆ. ಮೇಲಿನವರು ತೆಗೆದರು. ಡಿಗ್ರಿ ಇಲ್ಲದವರದ್ದು ಹಾಕೋ ಹಾಗಿಲ್ಲ ಅಂತ." ಅಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲಿತ್ತು, ತೋಟದ ಸಿಬ್ಬಂದಿಯ ಸಹಕಾರಕ್ಕೆ ವಂದನೆ ಎಂದು. ಮೇಡಂ ನನ್ನ ಕಡೆ ನೋಡಲಾರದೆ ಕಿಟಕಿಯ ಕಡೆ ನೋಡುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಕಚೇರಿಯಲ್ಲಿ ಸಹಾಯಕನ ಒಂದು ಹುದ್ದೆ ಖಾಲಿ ಇತ್ತೆಂದೂ, ಅದಕ್ಕೂ ಬಿಎಸ್ಸಿ ಕೇಳುತ್ತಾರೆಂದೂ ಅವರೇ ಹೇಳಿದರು. ನಾನು ಕೇಳಿರಲಿಲ್ಲ. ಕೇಳಬೇಕೆಂದು ಎಷ್ಟು ಸಲ ಬಾಯಿ ತೆರೆದು ಮುಚ್ಚಿದ್ದೆನೆಂದು ಅವರಿಗೆ ತಿಳಿದಿತ್ತೇನೋ.

ಮರಗಳ ವಿಷಯ. ಹಳ್ಳದ ಬದಿಯ ನಲವತ್ತರಲ್ಲಿ ಅರ್ಧಕ್ಕಿಂತ ಹೆಚ್ಚು ಒಣಗಿಯೇ ಹೋದವು. ಉಳಿದವು ಮಳೆ ಕಳೆದ ಮೇಲೆ ಚಿಗುರಿದಾಗ ಗಂಟು ಇತ್ತು, ಆದರೆ ಎಲೆ ಬಿಚ್ಚಿಕೊಳ್ಳುವಷ್ಟು ಜಾಗವೂ ಇತ್ತು. ಆ ಹುಳದಿಂದಲೇ ಆಯಿತೆಂದು ನಾನು ಹೇಳಲಾರೆ. ಮೇಲಿನ ಪಟ್ಟಿಯಲ್ಲಿ ಸಿಲ್ವರ್ ಓಕ್ ಸಸಿಗಳು ಮೊಣಕಾಲುದ್ದ ಇದ್ದಾಗಲೇ ಬಿಸಿಲು ಬಂತು. ಅರೇಬಿಕಾದ ಎಲೆ ಹಳದಿಯಾಗಿ, ಅಂಚು ಸುಟ್ಟುಕೊಂಡಿತು. ಮೇಸ್ತ್ರಿ ಅಲ್ಲಿ ನಿಂತು, ಯಾರ ಮೇಲೂ ದೂರಿಲ್ಲದ ದನಿಯಲ್ಲಿ ಹೇಳಿದ: "ಹುಳಕ್ಕಿಂತ ಮೊದ್ಲು ನಾವೇ ಈ ಮರ ಮುಗ್ಸಿದ್ವಲ್ಲ ರೈಟ್ರೇ."

೨೦೦೮ರ ಫೆಬ್ರವರಿ ಕೊನೆಗೆ ಮೇಡಂ ನಡೆಸುತ್ತಿದ್ದ ಈ ಹುಳದ ಯೋಜನೆ ಮುಗಿಯಿತು. ಮೈಕ್ರೊಸ್ಕೋಪು ತೆಗೆದುಕೊಂಡು ಹೋಗಲು ಜೀಪು ಬರುತ್ತದೆಂದು ಹಿಂದಿನ ದಿನವೇ ತಿಳಿಯಿತು. ಬೆಳಿಗ್ಗೆ ಎದ್ದು ಹಳ್ಳದ ಬದಿಯಿಂದ ಒಂದೇ ಒಂದು ರೆಂಬೆ ತಂದೆ. ಎಣಿಸಲಿಕ್ಕಲ್ಲ, ಬರೆಯಲಿಕ್ಕಲ್ಲ. ಸುಮ್ಮನೆ ಇನ್ನೊಂದು ಸಲ ನೋಡಬೇಕೆನಿಸಿತು. ಒಂದು ಗಂಟಿನಲ್ಲಿ ಕರಿ ಕಣಜ, ರೆಕ್ಕೆ ಬರುವ ಮುಂಚಿನ ಕೋಶದ ಹಂತದಲ್ಲಿ, ಸಿಕ್ಕಿತು. ಮೈ ಇನ್ನೂ ಬಿಳಿ, ಕಣ್ಣು ಮಾತ್ರ ಆಗಲೇ ಕೆಂಪಾಗಿತ್ತು. ಕಾಲು, ಮೀಸೆ, ರೆಕ್ಕೆಯ ಮೊಳಕೆ, ಎಲ್ಲ ಎದೆಗೆ ಮಡಚಿಕೊಂಡು ಮಲಗಿತ್ತು. ಅದನ್ನು ಗಾಜಿನ ಮೇಲೆ ಹನಿ ನೀರಿನ ಪಕ್ಕದಲ್ಲಿಟ್ಟು, ಹಾಜರಿ ಮುಗಿಸಿ ಬಂದು ನಿಧಾನ ನೋಡುವುದೆಂದು ಹೋದೆ. ಕೊಯ್ಲಿನ ಕೊನೆಯ ಲೆಕ್ಕದಲ್ಲಿ ಸಂಜೆಯವರೆಗೂ ಬಿಡುವಾಗಲಿಲ್ಲ. ಜೀಪು ಬಂದೇ ಬಿಟ್ಟಿತು.

"ಘಟ್ಟದ ಕಡೆ ಮೋಡ ಕಟ್ಟಿದೆ, ಬೇಗ ಹೊರಡಣ ಮೇಡಂ" ಎಂದು ಡ್ರೈವರು ಅವಸರ ಮಾಡಿದ.

"ಇರಲಿ" ಎಂದರು ಮೇಡಂ. "ಅವರು ನೋಡಿ ಮುಗಿಸಲಿ."

ಕುರ್ಚಿಗೆ ಕೂರಲು ಹೋದವನು ನಿಂತೆ. ಹೆಂಡತಿ ಮೇಡಂಗೆಂದು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಷ್ಟೋ ದಿನ ಒಲೆಯ ಮೇಲೆ ನನ್ನ ಹುಳಗಳನ್ನು ಕಾದವಳು. ಒಂದು ದಿನವಾದರೂ ಅವಳನ್ನು ಕರೆದು ನೋಡು ಎಂದಿರಲಿಲ್ಲ. ನನಗೆ ನೋಡುವ ಆಸೆ ಇದ್ದದ್ದರಿಂದ, ಆ ಆಸೆ ನನಗೊಬ್ಬನಿಗೇ ಇದೆ ಎಂದು ತಿಳಿದಿದ್ದೆ.

"ಬಾ ಇಲ್ಲಿ. ಕೂತ್ಕೋ."

"ನನಗೆಂಥದು ಗೊತ್ತಾಗತ್ತೆ? ನೀವು ನೋಡಿ."

"ಕೂತ್ಕೋ ಅಂದೆ."

ಅವಳು ಲೋಟವನ್ನು ಮೇಡಂ ಕೈಗೆ ಕೊಟ್ಟು, ಸೆರಗಿನಿಂದ ಕೈ ಒರೆಸಿಕೊಂಡು ಕೂತಳು. ಕಣ್ಣಿನ ಅಂತರ ಹೊಂದಿಸಿ, ಕನ್ನಡಿಯನ್ನು ಕಿಟಕಿಯಲ್ಲಿ ಉಳಿದಿದ್ದ ಬೆಳಕಿಗೆ ತಿರುಗಿಸಿದೆ. ಮೊದಲು ಏನೂ ಕಾಣುತ್ತಿಲ್ಲ ಎಂದಳು. ಆಮೇಲೆ ಬೆನ್ನು ನೆಟ್ಟಗಾಯಿತು. ಹಾಗೇ ಎಷ್ಟು ಹೊತ್ತು ಕೂತಿದ್ದಳೋ.

"ಬದುಕಿದೆ ಅಲ್ವಾ" ಎಂದಳು, ತೀರಾ ಮೆಲ್ಲಗೆ, ನಮಗೆ ಹೇಳಿದಂತಿರಲಿಲ್ಲ. "ಹೊಟ್ಟೆ ಅಲುಗ್ತಾ ಇದೆ. ನಿದ್ದೆಯಲ್ಲಿ ಅಲುಗೋ ಹಾಗೆ."

ಡ್ರ‍ೈವರು ಹಾರ್ನ್ ಬಾರಿಸಲು ಕೈಯೆತ್ತಿದ್ದನ್ನು ಕಿಟಕಿಯಿಂದಲೇ ಮೇಡಂ ಸನ್ನೆ ಮಾಡಿ ತಡೆದರು. ಹೊರಗೆ ಮೋಡ ದಟ್ಟವಾಗುತ್ತ ಬಂತು. ಕನ್ನಡಿ ಮಂಕಾಗುತ್ತ ಬಂತು. ಅವಳು ಏಳುವ ಹೊತ್ತಿಗೆ ನನಗೆ ನೋಡುವಷ್ಟು ಬೆಳಕು ಉಳಿಯುವುದಿಲ್ಲ ಎಂದು ನನಗೆ ತಿಳಿಯುತ್ತಿತ್ತು. ಏಳು ಎನ್ನಲಿಲ್ಲ.